ಪಿನ್‌ಹೋಲ್‌ನಲ್ಲಿ ಸೇವಂತಿಗೆ ಕ್ಲೋಸಪ್: ನನ್ನ ಅನುಭವ

"ಪಿನ್‌ಹೋಲ್‌ನಲ್ಲಿ ಕ್ಲೋಸಪ್ಪಾ? ಆಗಲ್ಲ ಬಿಡಿ ಸಾರ್" ಅಂದಿದ್ದ ಗೆಳೆಯರೇ ಹೋದ ವಾರ ನನ್ನ ಕೈಯಿಂದ ಭೂತಗನ್ನಡಿ ಇಸಕೊಂಡು ಪ್ರಿಂಟ್‌ನಲ್ಲಿ ಎಸಳು ಎಣಿಸಿದರು. ಪಿನ್‌ಹೋಲ್ ಅಂದರೆ ಲೆನ್ಸ್ ಬದಲು ಬರೀ ಸೂಜಿತೂತು ಇರುವ ಡಬ್ಬದ ಕ್ಯಾಮೆರಾ; ನನ್ನದರಲ್ಲಿ ಚಿತ್ರ ಬೀಳುವುದು ಒಳಗಿಟ್ಟ ಫೋಟೊ ಪೇಪರ್ ಮೇಲೆ. ಹೂವಿನಿಂದ ತೂತಿಗೆ ಹತ್ತು ಸೆಂ.ಮೀ., ತೂತಿನಿಂದ ಪೇಪರ್‌ಗೂ ಅಷ್ಟೇ. ಹೂ ಇದ್ದಷ್ಟೇ ದೊಡ್ಡದಾಗಿ ಬಂದಿದೆ.

ಮೊದಲ ಎರಡು ತಿಂಗಳು ತೂತಿನಿಂದಲೇ ಹಾಳಾಯಿತು. ಲಾಲ್‌ಬಾಗ್‌ನ ಗಾಜಿನ ಮನೆಯನ್ನು ಸೊಗಸಾಗಿ ಹಿಡಿದಿದ್ದ 0.45 ಮಿ.ಮೀ. ತೂತನ್ನೇ ನಂಬಿಕೊಂಡಿದ್ದೆ. ಅದೇ ಡಬ್ಬವನ್ನು ಹೂವಿನ ಮುಂದಿಟ್ಟರೆ ಬರೀ ಹತ್ತಿ ಉಂಡೆ. ಇಷ್ಟು ಹತ್ತಿರದಲ್ಲಿ ಹೂವಿನ ಒಂದೊಂದು ಚುಕ್ಕಿಯೂ ಪೇಪರ್ ಮೇಲೆ ತೂತಿನ ಎರಡರಷ್ಟು ಅಗಲ ಬೀಳುತ್ತೆ. ತೂತು ಚಿಕ್ಕದಾಗಲೇಬೇಕು. ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿ, ಸೂಜಿಮೊನೆ ಮಾತ್ರ ತಾಗಿಸಿ, ಹಿಂದೆ ಎದ್ದ ಉಬ್ಬನ್ನು ಎಮರಿ ಪೇಪರ್‌ನಲ್ಲಿ ಉಜ್ಜಿದೆ. ಸ್ಕ್ಯಾನರ್‌ನಲ್ಲಿ 2400 ಡಿಪಿಐಗೆ (ಇಂಚಿಗೆ 2400 ಪಿಕ್ಸೆಲ್) ಇಟ್ಟು ನೋಡಿದರೆ 24-25 ಪಿಕ್ಸೆಲ್, ಅಂದರೆ ಸುಮಾರು 0.26 ಮಿ.ಮೀ. ಹನ್ನೊಂದನೇ ತಗಡಿಗೆ ಸಿಕ್ಕಿದ್ದು ಇದು. ಅಂಚನ್ನು ದುಂಡಗೆ ಮಾಡುವ ಕೈಚಳಕ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಆಮೇಲೆ ಡಬ್ಬದ ನೆರಳಿನ ಕಾಟ. ಅಷ್ಟು ಹತ್ತಿರ ಇಟ್ಟರೆ ಹೂವಿನ ಮೇಲೆ ಬೆಳಕೇ ಬೀಳಲ್ಲ. ಬಸವನಗುಡಿಯ ನಮ್ಮ ತಾರಸಿಯಲ್ಲಿ ಬೆಳಗ್ಗೆ ಎಂಟರ ಓರೆ ಬಿಸಿಲಿಗೆ ಹೂವಿಟ್ಟು, ನೆರಳಿಗೂ ಬೆಳಕು ಬೀಳಲಿ ಅಂತ ಈಚೆ ಬದಿಗೆ ಬಿಳಿ ಥರ್ಮೋಕೋಲ್ ನಿಲ್ಲಿಸಿದೆ. ನಾಲ್ಕು ನಿಮಿಷದ ಎಕ್ಸ್‌ಪೋಷರ್, ಅಂದರೆ ಅಷ್ಟು ಹೊತ್ತು ತೂತು ತೆರೆದೇ ಇರಬೇಕು. ಅಷ್ಟು ಹೊತ್ತು ಗಾಳಿ ಸುಮ್ಮನಿರುತ್ತದೆಯೇ? ತೊಟ್ಟನ್ನು ಆಲೂಗಡ್ಡೆಗೆ ಚುಚ್ಚಿ ನಿಲ್ಲಿಸಿದ ಮೇಲೆ ಹೂ ಅಲುಗಲಿಲ್ಲ.

ಕೆ.ಆರ್. ಮಾರ್ಕೆಟ್‌ನಿಂದ ಮೊದಲು ತಂದದ್ದು ಹಳದಿ ಸೇವಂತಿಗೆ. ಪ್ರಿಂಟ್‌ನಲ್ಲಿ ಇದ್ದಿಲಿನ ಹಾಗೆ ಕಪ್ಪು! ನನ್ನ ಪೇಪರ್‌ಗೆ ನೀಲಿ ಬೆಳಕು ಕಾಣುವಷ್ಟು ಹಳದಿ ಕಾಣಲ್ಲ ಅನ್ನುವುದು ಗೊತ್ತಿದ್ದೂ ಮರೆತಿದ್ದೆ. ಬಿಳಿ ಹೂ ತಂದ ದಿನ ಎಸಳಿನ ಗೆರೆಗಳೂ ಮೂಡಿದವು.

ಪೇಪರ್‌ಗೇ ನಾಲ್ಕು ಸಾವಿರದ ಹತ್ತಿರ ಹೋಯಿತು. ಒಂದು ಹಾಳೆ ನಾಲ್ಕು ತುಂಡು ಮಾಡಿಯೂ ಎಪ್ಪತ್ತರಷ್ಟು ತುಂಡು ಕಸಕ್ಕೆ. ಪೇಪರ್ ಮೇಲೆ ಚಿತ್ರ ಮೂಡಿಸುವ ದ್ರಾವಣದ, ಅಂದರೆ ಡೆವಲಪರ್‌ನ, ಖರ್ಚು ಉಳಿಸೋಣ ಅಂತ ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿದೆ, ಚೆನ್ನಾಗಿಯೇ ಬಂತು. ಮನೆಯ ಫಿಲ್ಟರ್ ಡಿಕಾಕ್ಷನ್ ಹಾಕಿದ್ದಕ್ಕೆ ಮಾತ್ರ ಚಿತ್ರ ತೀರಾ ಪೇಲವ. ಚಿಕೋರಿ ಇಲ್ಲದ ಪುಡಿಯಲ್ಲಿ ಇನ್ನೊಮ್ಮೆ ನೋಡಬೇಕು.

ಏಪ್ರಿಲ್ ಕೊನೆಯ ಭಾನುವಾರ ವಿಶ್ವ ಪಿನ್‌ಹೋಲ್ ದಿನ. ಅಷ್ಟರೊಳಗೆ ಹೂವನ್ನು ತೂತಿನಿಂದ ಐದು ಸೆಂ.ಮೀ. ದೂರಕ್ಕೆ ತರಬೇಕು. ಅದಕ್ಕೆ 0.2 ಮಿ.ಮೀ. ತೂತಿನ ತಗಡು ಆಗಲೇ ಉಜ್ಜುತ್ತಿದ್ದೇನೆ.