ಬರ್ನರ್ ಬದಲಿಸದೆ ಹೊಗೆ ಇಳಿಸಿದ್ದು

ನಾನು ಆಸ್ಪತ್ರೆ ಕಸ ಸುಡುವ ಘಟಕದಲ್ಲಿ ಕುಲುಮೆ ನೋಡಿಕೊಳ್ಳೋನು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವ ಹಳದಿ ಚೀಲ (ಸುಡಬೇಕಾದ ಕಸದ ಚೀಲ) ಅಂದ್ರೆ ಅರ್ಧ ಕಸ, ಅರ್ಧ ನೀರು. ಎರಡು ಚೀಲ ಒಟ್ಟಿಗೆ ಹಾಕಿದರೆ ಸಾಕು, ಹೊಗೆಯನ್ನು ಮತ್ತೆ ಸುಡುವ, 1,050 ಡಿಗ್ರಿ ಇರಬೇಕಾದ ಎರಡನೇ ಚೇಂಬರ್ 900ಕ್ಕಿಂತ ಕೆಳಗೆ ಜಾರಿ, ಚಿಮಣಿಯಿಂದ ಕಪ್ಪು ಹೊಗೆ ಶುರು. ದೊಡ್ಡ ಬರ್ನರ್ ಹಾಕದೆ ಇದು ಸರಿಹೋಗಲ್ಲ ಅಂತ ಈ ಕೆಲಸ ಬಲ್ಲವರೆಲ್ಲ ಹೇಳಿದ್ದರು. ನಾನು ಬರ್ನರ್ ಮುಟ್ಟಲೇ ಇಲ್ಲ. ಚೀಲದೊಳಗೆ ಏನು ಬರುತ್ತೆ ಅನ್ನೋದನ್ನು ಹಿಡಿದುಕೊಂಡೆ.

ಅದಕ್ಕೂ ಮುಂಚೆ ಕಳೆದ ದುಡ್ಡು ಸಣ್ಣದಲ್ಲ. ಡೀಸೆಲ್ ಜಾಸ್ತಿ ಉರಿಸಿ ನೋಡಿದ್ವಿ, ಗಂಟೆಗೆ 8-10 ಲೀಟರ್ ಹೆಚ್ಚುವರಿ. ಬಿಲ್ ನೋಡಿ ಮಾಲೀಕರು ನಿಲ್ಲಿಸಿದರು. ಒಣಗಿದ ಅಡಿಕೆ ಸಿಪ್ಪೆ ಇಲ್ಲಿ ಬಿಟ್ಟಿ ಸಿಗುತ್ತಲ್ಲ, ಬೆಳಗಿನ ಹೊತ್ತು ಕುಲುಮೆ ಕಾಯಿಸೋಕೆ ಅದನ್ನೂ ಹಾಕಿದೆ. ಶಾಖವೇನೋ ಬಂತು, ಆದರೆ ಬೂದಿ ಕುಲುಮೆಯ ತಳದ ಜಾಲರಿಗೆ (ಗ್ರೇಟ್) ಮೆತ್ತಿಕೊಂಡು ಕೆರೆದು ತೆಗೆಯೋದೇ ಅರ್ಧ ದಿನದ ಕೆಲಸ. ಹೊಗೆ ತೊಳೆಯುವ ಸ್ಕ್ರಬ್ಬರ್‌ಗೆ ಕಾಸ್ಟಿಕ್ ಸೋಡಾ ಹೆಚ್ಚಿಸಿದಾಗ ಆಮ್ಲದ ಘಾಟು ಇಳಿಯಿತು, ಹೊಗೆ ಇಳಿಯಲಿಲ್ಲ.

ಕಣ್ಣು ತೆರೆಸಿದ್ದು ತಾಮ್ರದ ತಂತಿ. ದಪ್ಪ ತಂತಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್‌ಗೆ ಒತ್ತಿ, ಮತ್ತೆ ಉರಿಗೆ ಹಿಡಿಯಬೇಕು. ಉರಿ ಹಸಿರಾದರೆ ಕ್ಲೋರಿನ್ ಇದೆ ಅಂತ; ಅಂಥ ಪ್ಲಾಸ್ಟಿಕ್ ಸುಟ್ಟರೇ ಕಪ್ಪು ಹೊಗೆ, ಆಮ್ಲದ ಘಾಟು. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಿ. ಹಳದಿ ಚೀಲ ಸುರಿದು ನೋಡಿದರೆ ಸಲೈನ್ ಸೆಟ್, ಯೂರಿನ್ ಬ್ಯಾಗ್, ಕ್ಯಾತಿಟರ್. ಒಂದೊಂದೂ ಗಿಳಿಹಸಿರು! ಕೆಂಪು ಚೀಲದಲ್ಲಿ ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹೋಗಬೇಕಾದ ಮಾಲು ನಮ್ಮ ಬೆಂಕಿಗೆ ಬರ್ತಿತ್ತು. ಅಷ್ಟೇಕೆ, ಒಂದು ನರ್ಸಿಂಗ್ ಹೋಮಿನ ಹಳದಿ ಚೀಲವೇ ಹಸಿರು ಉರಿ ಕೊಟ್ಟಿತು. ಕ್ಲೋರಿನ್ ಇರುವ ಚೀಲ, ಗ್ಲೌಸ್ ನಿಲ್ಲಿಸೋ ಗಡುವು 2019ರ ಮಾರ್ಚ್‌ಗೇ ಮುಗಿದಿದೆ.

ಇನ್ನೊಂದು ಹೈಪೋ, ಅಂದ್ರೆ ಕ್ಲೋರಿನ್ ಇರುವ ಕ್ರಿಮಿನಾಶಕ ದ್ರಾವಣ. ಡ್ರೆಸ್ಸಿಂಗ್ ಹತ್ತಿಯನ್ನೆಲ್ಲ ಅದರಲ್ಲಿ ಅದ್ದಿ ಕಳಿಸ್ತಿದ್ದರು. ಸುಡುವ ಕಸಕ್ಕೆ ರಾಸಾಯನಿಕ ಹಾಕಬಾರದು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ. ಕೇಳಿದರೆ ಆಯಾ, "ಅಣ್ಣಾ, ಸಿಸ್ಟರ್ ಹಂಗೇ ಹಾಕು ಅಂದಿದಾರೆ" ಅಂದರು. ಸಿಸ್ಟರ್ ಮುಂದೆಯೇ ತಂತಿ ಕಾಯಿಸಿ ತೋರಿಸಿದೆ. ಭಾಷಣಕ್ಕೆ ಬಗ್ಗದವರು ಆ ಹಸಿರು ಉರಿಗೆ ಬಗ್ಗಿದರು. ಡ್ರೆಸ್ಸಿಂಗ್ ಟ್ರಾಲಿಗೇ ಕೆಂಪು ಬಕೆಟ್ ಕಟ್ಟಿಸಿದ ಮೇಲಂತೂ ತಪ್ಪು ಚೀಲಕ್ಕೆ ಬೀಳೋದು ಬಹುಪಾಲು ನಿಂತಿತು.

ಈಗ ಹಳದಿ ಚೀಲದ ತೂಕ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿದಿದೆ. ಡೀಸೆಲ್ ತಿಂಗಳಿಗೆ 30-40 ಸಾವಿರ ಉಳೀತಿದೆ. ಕೆಂಪಿನ ಪ್ಲಾಸ್ಟಿಕ್ ಆಟೋಕ್ಲೇವ್ ಆಗಿ, ಪುಡಿಯಾಗಿ, ಕೆಜಿಗೆ 20 ರೂಪಾಯಿ ಆಸುಪಾಸಿಗೆ ಅಧಿಕೃತ ಮರುಬಳಕೆಯವರಿಗೆ ಹೋಗುತ್ತೆ. ಒದ್ದೆ ಚೀಲದ ಹಿಂದೆ ಯಾವ ಚೀಲ, ಎಷ್ಟು ಹೊತ್ತಿಗೆ ಹಾಕಿದರೆ ಶಾಖ ಬೀಳಲ್ಲ ಅನ್ನೋ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕ್ಲೋರಿನ್ ಇರುವ ಕಸ ಸುಟ್ಟಾಗ ಹುಟ್ಟುವ ವಿಷ ಡಯಾಕ್ಸಿನ್; ಹೊಗೆಯಲ್ಲಿ ಅದರ ಮಿತಿ ಘನ ಮೀಟರ್‌ಗೆ 0.1 ನ್ಯಾನೊಗ್ರಾಂ. ಮೊದಲು ಅಂಚಿನಲ್ಲೇ ನಿಲ್ತಿದ್ವಿ, ಈ ವರ್ಷದ ವರದಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಡೈಪರ್‌ನ ಒದ್ದೆ ಮಾತ್ರ ಇನ್ನೂ ಕಾಡ್ತಿದೆ, ಮುಂದಿನ ಮಳೆಗಾಲದೊಳಗೆ ಅದಕ್ಕೂ ಕೈ ಹಾಕ್ತೀನಿ.