ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು ಶುಲ್ಕ ಮನ್ನಾ: ಹೊಸದಾಗಿ ಬಂದ ಕುಟುಂಬಗಳಿಗೆ

“ಇಲ್ಲಿ ಕಮ್ಯುನಿಟಿ ಕಾಲೇಜು ಪುಕ್ಕಟೆಯಂತೆ, ಹೌದೇ?” ಎಂಬುದು ಯುಗಾದಿ, ರಾಜ್ಯೋತ್ಸವಗಳ ದಿನ ನಮ್ಮ ಸಂಘದ ಮಾಹಿತಿ ಮೇಜಿನ ಬಳಿ ಹೊಸಬರು ತಪ್ಪದೆ ಕೇಳುವ ಪ್ರಶ್ನೆ. ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು. ಎರಡು ವರ್ಷದ ಓದಿನ ಈ ಸಾರ್ವಜನಿಕ ಕಾಲೇಜುಗಳ ಶುಲ್ಕವನ್ನು ರಾಜ್ಯ ಸರ್ಕಾರ ಮನ್ನಾ ಮಾಡುವುದು ನಿಜ; ಆದರೆ ಆ ಮನ್ನಾದ ಅರ್ಜಿಗಿಂತ ಮೊದಲು ವಿದ್ಯಾರ್ಥಿಯು ಕ್ಯಾಲಿಫೋರ್ನಿಯಾದ ನಿವಾಸಿ ಹೌದೋ ಅಲ್ಲವೋ ಎಂಬುದು ಕಾಲೇಜಿನ ಕಡತದಲ್ಲಿ ಇತ್ಯರ್ಥವಾಗಿರಬೇಕು. ನಮ್ಮವರು ಎಡವುವುದು ಹೆಚ್ಚಾಗಿ ಈ ಮೊದಲ ಹಂತದಲ್ಲಿಯೇ ಆದ್ದರಿಂದ ಈ ಬರಹದಲ್ಲಿಯೂ ಅದಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ವಿಷಯಗಳ ಓದಿನ ಹೊರೆಯನ್ನು ಇಲ್ಲಿ ಯೂನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ರಾಜ್ಯದ ನಿವಾಸಿಗಳಿಗೆ ಪ್ರವೇಶ ಶುಲ್ಕ ಒಂದು ಯೂನಿಟ್‌ಗೆ 46 ಡಾಲರ್. 2012ರ ಬೇಸಿಗೆಯಿಂದ ಈ ದರವೇ ನಡೆದುಬಂದಿದೆ. ಪೂರ್ಣಾವಧಿ ಎನ್ನಿಸಿಕೊಳ್ಳಲು ಬೇಕಾದ 12 ಯೂನಿಟ್‌ಗಳಿಗೆ ಒಂದು ಸೆಮಿಸ್ಟರಿಗೆ 552 ಡಾಲರ್ ಆಗುತ್ತದೆ. ಕ್ಯುಪರ್ಟಿನೊದ ಡಿ ಆಂಜಾ ಮತ್ತು ಅದರ ಜೊತೆಯ ಫುಟ್‌ಹಿಲ್ ಕಾಲೇಜುಗಳಲ್ಲಿ ಸೆಮಿಸ್ಟರಿನ ಬದಲು ಅದಕ್ಕಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ ಇರುವುದರಿಂದ ಅಲ್ಲಿ ಯೂನಿಟ್‌ಗೆ 31 ಡಾಲರ್ ಎಂದು ಕಾಣುತ್ತದೆ. ಅದನ್ನು ಫ್ರೀಮಾಂಟಿನ ಓಲೋನಿ ಕಾಲೇಜಿನ 46 ಡಾಲರಿಗೆ ಹೋಲಿಸಿ ಅಗ್ಗವೆಂದು ಭಾವಿಸಬೇಕಿಲ್ಲ, ಏಕೆಂದರೆ ಕ್ವಾರ್ಟರಿನ ಒಂದು ಯೂನಿಟ್ ಸೆಮಿಸ್ಟರಿನ ಯೂನಿಟ್ಟಿನ ಮೂರರಲ್ಲಿ ಎರಡು ಪಾಲು ಮಾತ್ರ. ನಿವಾಸಿಯಲ್ಲದವರು ಈ ಶುಲ್ಕದ ಮೇಲೆ ಪ್ರತ್ಯೇಕ ಬೋಧನಾ ಶುಲ್ಕವನ್ನೂ ಕಟ್ಟಬೇಕು. ಅದು ಒಂದು ಕಾಲೇಜು ಜಿಲ್ಲೆಯಿಂದ ಇನ್ನೊಂದಕ್ಕೆ ಬೇರೆಯಾಗಿದ್ದು, ಯೂನಿಟ್‌ಗೆ ನೂರಾರು ಡಾಲರ್ ಆಗುತ್ತದೆ.

ಈ ವ್ಯತ್ಯಾಸ ಎಷ್ಟು ಸಣ್ಣ ಕಾರಣಕ್ಕೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಮೇಜಿನ ಮೇಲೆಯೇ ಬಿಚ್ಚಿಟ್ಟ ಒಂದು ಬಿಲ್ ಸಾಕ್ಷಿ. ಟೆಕ್ಸಾಸ್‌ನಿಂದ ಬಂದು ಎರಡು ವರ್ಷವಾಗಿದ್ದ ಕುಟುಂಬವದು. ಮಗಳ ಮೊದಲ ಸೆಮಿಸ್ಟರಿಗೆ ಐದು ಸಾವಿರ ಡಾಲರಿಗೂ ಮಿಕ್ಕಿದ ಮೊತ್ತ ಬಂದಿತ್ತು. ಪ್ರವೇಶದ ಅರ್ಜಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾಸ ಆರಂಭವಾದ ದಿನಾಂಕವನ್ನು ಕೇಳಿದ್ದ ಕಡೆ ಆ ಹುಡುಗಿ ಈಗಿನ ಬಾಡಿಗೆ ಮನೆಗೆ ಬಂದ ದಿನಾಂಕವನ್ನು ಹಾಕಿದ್ದಳು. ಗಣಕಯಂತ್ರ ಅದನ್ನೇ ನಂಬಿ ಅವಳನ್ನು ಹೊರರಾಜ್ಯದವಳೆಂದು ಗುರುತಿಸಿತ್ತು. ಹಳೆಯ ಮನೆಯ ಬಾಡಿಗೆ ಕರಾರು, ತಂದೆಯ ಚಾಲನಾ ಪರವಾನಗಿ, ರಾಜ್ಯ ಆದಾಯ ತೆರಿಗೆಯ ಫಾರ್ಮ್ 540 ಇವುಗಳ ಪ್ರತಿಗಳನ್ನು ಕೊಟ್ಟ ಮೇಲೆ ಬಿಲ್ ಸರಿಹೋಯಿತು. ತಪ್ಪು ಕಾಲೇಜಿನದಲ್ಲ, ಒಂದು ಚೌಕದಲ್ಲಿ ತುಂಬಿದ ದಿನಾಂಕದ್ದು.

ನಿಯಮ ಹೀಗಿದೆ: ತರಗತಿಗಳು ಶುರುವಾಗುವ ಹಿಂದಿನ ದಿನಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಒಂದು ವರ್ಷ ವಾಸವಾಗಿರಬೇಕು ಮತ್ತು ಇಲ್ಲಿಯೇ ನೆಲೆಸುವ ಉದ್ದೇಶವನ್ನು ದಾಖಲೆಗಳು ತೋರಿಸಬೇಕು. ಆಗಸ್ಟ್ 25ರಂದು ಸೆಮಿಸ್ಟರ್ ಆರಂಭವಾಗುವುದಾದರೆ ಹಿಂದಿನ ವರ್ಷದ ಆಗಸ್ಟ್ 24ರ ಹೊತ್ತಿಗೆ ನೀವು ಇಲ್ಲಿರಬೇಕು. ಸೆಪ್ಟೆಂಬರಿನಲ್ಲಿ ಬಂದವರು ಕೆಲವೇ ದಿನಗಳ ಅಂತರದಲ್ಲಿ ಮರುವರ್ಷದ ಆಗಸ್ಟನ್ನೂ ಕಳೆದುಕೊಳ್ಳುತ್ತಾರೆ. ಅಂಥವರು ಜನವರಿಯ ಅವಧಿಯವರೆಗೆ ತಡೆಯುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮದುವೆಯಾಗದ, 18 ತುಂಬದ ಮಕ್ಕಳಿಗೆ ತಂದೆತಾಯಿಯ ನಿವಾಸವೇ ಆಧಾರ. ಬೇಸಿಗೆ ರಜೆಗೆ ಊರಿಗೆ ಹೋಗಿಬಂದ ಮಾತ್ರಕ್ಕೆ ವಾಸ ಮುರಿದುಹೋಗುವುದಿಲ್ಲ.

ವೀಸಾದ ವಿಚಾರದಲ್ಲಿ ನಮ್ಮವರಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳಿವೆ. ಗ್ರೀನ್ ಕಾರ್ಡ್ ಬರುವವರೆಗೆ ಇನ್-ಸ್ಟೇಟ್, ಅಂದರೆ ನಿವಾಸಿಗಳ ದರ ಸಿಗದು ಎಂಬುದು ಮೊದಲನೆಯದು. ಎಚ್-1ಬಿ, ಎಲ್-1 ಕೆಲಸದ ವೀಸಾ ಅಥವಾ ಅವರ ಅವಲಂಬಿತರ ಎಚ್-4, ಎಲ್-2 ವೀಸಾ ಇರುವವರು ಮೇಲಿನ ಷರತ್ತುಗಳನ್ನು ಪೂರೈಸಿದರೆ ಶುಲ್ಕದ ಮಟ್ಟಿಗೆ ಈ ರಾಜ್ಯದ ನಿವಾಸಿಗಳಾಗಬಹುದು. ಇಲ್ಲಿ ಮೂರು ವರ್ಷ ಹೈಸ್ಕೂಲು ಓದಿದರೆ ಸಾಕು, 2001ರ ಎಬಿ 540 ಕಾನೂನಿನಡಿ ಎಲ್ಲರಿಗೂ ನಿವಾಸಿಯಲ್ಲದವರ ಬೋಧನಾ ಶುಲ್ಕದಿಂದ ವಿನಾಯಿತಿ ಸಿಗುತ್ತದೆ ಎಂಬುದು ಎರಡನೆಯದು. ಆ ವಿನಾಯಿತಿ ಎಚ್-4ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಅನ್ವಯಿಸುವುದಿಲ್ಲ. ಅವರು ನಿವಾಸದ ದಾರಿಯಲ್ಲೇ ಬರಬೇಕು. ಮಗನಿಗೋ ಮಗಳಿಗೋ 21 ತುಂಬಿ ಎಚ್-4 ಕೈಬಿಟ್ಟು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಬೇಕಾಗಿ ಬಂದರೆ ಲೆಕ್ಕ ಮತ್ತೆ ತಿರುಗುಮುರುಗಾಗುತ್ತದೆ, ಏಕೆಂದರೆ ಎಫ್-1 ವೀಸಾದಲ್ಲಿ ನಿವಾಸಿಯ ಹಕ್ಕು ಹುಟ್ಟುವುದಿಲ್ಲ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವೆಂಬುದು ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ 19, 20ರ ಮಕ್ಕಳಿರುವ ಮನೆಯವರು ಓದಿನ ಯೋಜನೆಯನ್ನು ಈ ಹುಟ್ಟುಹಬ್ಬವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಮಾಡಬೇಕು.

ನಿವಾಸ ಇತ್ಯರ್ಥವಾದ ಮೇಲೆ ಮನ್ನಾದ ಅರ್ಜಿ. ಇದರ ಹೆಸರು ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್. ಮೊದಲಿಂದ ಇಲ್ಲಿರುವವರು ಇನ್ನೂ ಬಾಗ್ ವೇವರ್ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಇದು ಯೂನಿಟ್ಟಿನ 46 ಡಾಲರನ್ನು ಮನ್ನಾ ಮಾಡುತ್ತದೆಯೇ ಹೊರತು ಕೈಗೆ ಹಣ ಕೊಡುವುದಿಲ್ಲ. ಪೂರ್ಣಾವಧಿಯೇ ಓದಬೇಕೆಂಬ ಕಟ್ಟಳೆ ಇಲ್ಲ, ಒಂದೇ ವಿಷಯ ತೆಗೆದುಕೊಂಡವರಿಗೂ ಸಿಗುತ್ತದೆ. ಅರ್ಹತೆಗೆ ಮೂರು ದಾರಿಗಳಿವೆ: ಸರ್ಕಾರದ ಕೆಲವು ನೆರವುಗಳನ್ನು ಈಗಾಗಲೇ ಪಡೆಯುತ್ತಿರುವುದು, ಕುಟುಂಬದ ಗಾತ್ರಕ್ಕೆ ನಿಗದಿಯಾದ ಆದಾಯದ ಮಿತಿಯೊಳಗೆ, ಅಂದರೆ ಫೆಡರಲ್ ಬಡತನ ರೇಖೆಯ ಒಂದೂವರೆ ಪಟ್ಟಿನೊಳಗೆ ಇರುವುದು, ಇಲ್ಲವೇ ಆರ್ಥಿಕ ನೆರವಿನ ಅರ್ಜಿಯ ಲೆಕ್ಕಾಚಾರದಲ್ಲಿ ಕನಿಷ್ಠ 1,104 ಡಾಲರಿನ ಅಗತ್ಯ ತೋರಿಬರುವುದು. ಈ ಮೂರನೆಯ ದಾರಿಯನ್ನು ಮಧ್ಯಮ ಆದಾಯದ ಮನೆಗಳು ನೋಡದೆ ಬಿಡುತ್ತವೆ, “ನಮ್ಮ ಸಂಬಳಕ್ಕೆ ಎಲ್ಲಿ ಸಿಗುತ್ತದೆ” ಎಂದು. ಅರ್ಜಿ ಹಾಕಿ ನೋಡಿದರೆ ನಷ್ಟವೇನೂ ಇಲ್ಲ.

ಊರಿನಲ್ಲಿ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದು ಅಭ್ಯಾಸವಾದ ನಮಗೆ ಇಲ್ಲಿನ ಕ್ರಮ ಮೊದಲಿಗೆ ವಿಚಿತ್ರವೆನಿಸಬಹುದು. ಇಲ್ಲಿ ಅರ್ಜಿದಾರರ ಘೋಷಣೆಯೇ ಆಧಾರ. ಅದಕ್ಕೆ ತೆರಿಗೆ ಪತ್ರಗಳ ಬೆಂಬಲವಿರಬೇಕು, ಸುಳ್ಳು ಹೇಳಿದರೆ ಕಾನೂನಿನ ಹೊಣೆಯೂ ಇರುತ್ತದೆ.

ಮೂರನೆಯ ದಾರಿಗೆ ಬೇಕಾದ ಫೆಡರಲ್ ಅರ್ಜಿಯ ಹೆಸರು ಫಾಫ್ಸಾ. ಅದನ್ನು ಅಮೆರಿಕದ ನಾಗರಿಕರು, ಗ್ರೀನ್ ಕಾರ್ಡ್ ಉಳ್ಳವರು ಮುಂತಾದವರು ಹಾಕಬಹುದು. ಎಚ್-4ನಲ್ಲಿರುವ ವಿದ್ಯಾರ್ಥಿಗೆ ಅದು ತೆರೆದಿಲ್ಲ, ಹಾಗಾಗಿ ಅವರ ಪಾಲಿಗೆ ಆದಾಯದ ಮಿತಿಯ ದಾರಿಯೇ ಮುಖ್ಯ. ಆದರೆ ಮಗು ಇಲ್ಲಿಯೇ ಹುಟ್ಟಿದ ನಾಗರಿಕನಾಗಿದ್ದರೆ ತಂದೆತಾಯಿಯ ವೀಸಾ ಯಾವುದೇ ಆಗಿರಲಿ, ಫಾಫ್ಸಾ ಹಾಕಬಹುದು. ರಾಜ್ಯದ ಕ್ಯಾಲ್ ಗ್ರಾಂಟ್ ಎಂಬ ಧನಸಹಾಯಕ್ಕೂ ಇದೇ ಅರ್ಜಿ ಆಧಾರ. ಅದಕ್ಕೆ ಮಾಮೂಲಿ ಗಡುವು ಮಾರ್ಚ್ 2. ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರವರೆಗೆ ಇನ್ನೊಂದು ಅವಕಾಶವಿದೆ. ಅದರಲ್ಲಿ ಕ್ಯಾಲ್ ಗ್ರಾಂಟ್ ಬಿ ಎಂಬ ಬಗೆ ಸಿಕ್ಕಿದರೆ ಆ ಹಣ ಪುಸ್ತಕಕ್ಕೂ ಬಸ್ಸಿಗೂ ಊಟಕ್ಕೂ ಆಗುತ್ತದೆ.

ಹೆಸರಿನ ಗೊಂದಲವೊಂದಿದೆ. ಪ್ರಾಮಿಸ್ ಗ್ರಾಂಟ್ ಬೇರೆ, “ಗ್ರಾಂಟ್” ಇಲ್ಲದ ಬರೀ ಕಾಲೇಜ್ ಪ್ರಾಮಿಸ್ ಬೇರೆ. ಎರಡನೆಯದು 2017ರ ಎಬಿ 19 ಕಾನೂನಿನಿಂದ ಬಂದು, 2019ರಲ್ಲಿ ಎರಡನೆಯ ವರ್ಷಕ್ಕೂ ವಿಸ್ತರಿಸಿತು. ಮೊದಲ ಬಾರಿಗೆ ಕಾಲೇಜಿಗೆ ಸೇರಿ 12 ಅಥವಾ ಹೆಚ್ಚು ಯೂನಿಟ್ ಓದುವ ವಿದ್ಯಾರ್ಥಿಗಳ ಶುಲ್ಕವನ್ನು, ಮನೆಯ ಆದಾಯ ನೋಡದೆಯೇ, ಎರಡು ವರ್ಷ ಮನ್ನಾ ಮಾಡಲು ಕಾಲೇಜುಗಳಿಗೆ ಇದರಿಂದ ಹಣ ದೊರೆಯುತ್ತದೆ. ಅದನ್ನು ಹೇಗೆ ಹಂಚಬೇಕೆಂಬುದು ಆಯಾ ಕಾಲೇಜಿನ ತೀರ್ಮಾನವಾದ್ದರಿಂದ ಪಕ್ಕದ ಮನೆಯವರ ಅನುಭವವನ್ನು ನಂಬದೆ ನಿಮ್ಮ ಕಾಲೇಜಿನ ಆರ್ಥಿಕ ನೆರವಿನ ಕಚೇರಿಯಲ್ಲಿಯೇ ಕೇಳಿ.

ಸಿಕ್ಕ ಮನ್ನಾ ತಪ್ಪಿಹೋಗುವುದೂ ಉಂಟು. ಗ್ರಾಂಟ್‌ಗೆ ಪ್ರತಿ ಶೈಕ್ಷಣಿಕ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಸತತ ಎರಡು ಅವಧಿಗಳಲ್ಲಿ ಗ್ರೇಡುಗಳ ಸರಾಸರಿ (ಜಿಪಿಎ) 2.0ಕ್ಕಿಂತ ಕೆಳಗಿಳಿದರೆ, ಅಥವಾ ತೆಗೆದುಕೊಂಡ ಯೂನಿಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಗಿಸದಿದ್ದರೆ ಅದು ನಿಲ್ಲುತ್ತದೆ, ಮೇಲ್ಮನವಿಗೆ ಅವಕಾಶವಿದೆ. ತಡವಾಗಿ ವಿಷಯ ಬಿಟ್ಟಾಗ ಅಂಕಪಟ್ಟಿಯಲ್ಲಿ ಬೀಳುವ ಡಬ್ಲ್ಯು ಕೂಡ ಮುಗಿಸದ ಯೂನಿಟ್ಟೇ. ಕೆಮಿಸ್ಟ್ರಿ ಕಷ್ಟವೆನಿಸಿದರೆ ಎಂಟನೆಯ ವಾರದವರೆಗೆ ಹಲ್ಲು ಕಚ್ಚಿಕೊಂಡಿದ್ದು ಆಮೇಲೆ ಬಿಡುವುದಕ್ಕಿಂತ, ಡಬ್ಲ್ಯು ಬೀಳದ ಗಡುವಿನೊಳಗೆ ಬಿಡುವುದು ಮೇಲು.

ಆರೋಗ್ಯ ಶುಲ್ಕ, ಪಾರ್ಕಿಂಗ್, ಪುಸ್ತಕ ಇವೆಲ್ಲ ಮನ್ನಾದ ಹೊರಗೆ. ತರಗತಿಗಳ ವೇಳಾಪಟ್ಟಿಯಲ್ಲಿ ಪುಸ್ತಕದ ಖರ್ಚಿಲ್ಲದ ವಿಷಯಗಳಿಗೆ ಪ್ರತ್ಯೇಕ ಗುರುತು ಹಾಕಿರುತ್ತಾರೆ, ಹುಡುಕಿ ನೋಡಿ.

ಎಚ್-4ನಲ್ಲಿ ಬಂದು ಕೆಲಸದ ಪರವಾನಗಿ ಇಲ್ಲದೆ ಮನೆಯಲ್ಲಿರುವ ಅನೇಕ ಗೃಹಿಣಿಯರು ಈ ಕಾಲೇಜುಗಳು ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದಾರೆ. ಓದಲು ಎಚ್-4ನವರು ವೀಸಾ ಬದಲಿಸಬೇಕಿಲ್ಲ. ನಿವಾಸದ ಒಂದು ವರ್ಷ ತುಂಬದವರಿಗೂ ಪದವಿಯ ಲೆಕ್ಕಕ್ಕೆ ಸೇರದ ನಾನ್-ಕ್ರೆಡಿಟ್ ತರಗತಿಗಳಿವೆ, ಇಂಗ್ಲಿಷ್ ಕಲಿಕೆಯೂ ಅವುಗಳಲ್ಲಿ ಸೇರಿದೆ. ಅವುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಆದರೆ ಬಾಣಂತನಕ್ಕೆಂದು ಬಿ-2 ಪ್ರವಾಸಿ ವೀಸಾದಲ್ಲಿ ಬಂದ ಅಮ್ಮನನ್ನೋ ಅತ್ತೆಯನ್ನೋ ಇಂಥ ಕೋರ್ಸಿಗೆ ಸೇರಿಸಬೇಡಿ, ಆ ವೀಸಾದಲ್ಲಿ ಅದಕ್ಕೆ ಅನುಮತಿಯಿಲ್ಲ.

ಅರ್ಜಿ ತುಂಬಲು ಸಂಘದ ಸ್ವಯಂಸೇವಕರ ನೆರವು ಬೇಕಾದವರು ಬರುವಾಗ ಪಾಸ್‌ಪೋರ್ಟ್, ವೀಸಾ ಅನುಮೋದನೆಯ ಪತ್ರ, ಕ್ಯಾಲಿಫೋರ್ನಿಯಾಕ್ಕೆ ಬಂದ ಮೊದಲ ತಿಂಗಳ ಬಾಡಿಗೆ ಕರಾರು ಮತ್ತು ಕಳೆದೆರಡು ವರ್ಷಗಳ ತೆರಿಗೆ ಪತ್ರಗಳನ್ನು ತನ್ನಿ. ಹಳೆಯ ಬಾಡಿಗೆ ಕರಾರು ಕಳೆದುಹೋಗಿದ್ದರೆ ಆ ತಿಂಗಳ ಕರೆಂಟ್ ಬಿಲ್ಲನ್ನಾದರೂ ಹುಡುಕಿಟ್ಟುಕೊಳ್ಳಿ.