ಡಾಸ್‌ನಲ್ಲಿ 64 ಎಂಬಿ ದಾಟಿದ ಕಥೆ

ಡಾಸ್ (ಹಳೆಯ ಪಿಸಿಗಳ ಆಪರೇಟಿಂಗ್ ಸಿಸ್ಟಂ) ಓಡಿಸುತ್ತಿದ್ದ ನನ್ನ ಯಂತ್ರದಲ್ಲಿ ಇದ್ದದ್ದು 512 ಎಂಬಿ ರ್‍ಯಾಮ್. ನನಗೆ ಬೇಕಿದ್ದದ್ದು 300 ಎಂಬಿಯ ಒಂದೇ ಒಂದು ಅರೇ, ಅಂದರೆ ಮೆಮೊರಿಯಲ್ಲಿ ಸಾಲಾಗಿ ಜೋಡಿಸಿದ ಡೇಟಾ. ಡಾಸ್‌ನ ಸಿ ಕಂಪೈಲರ್ ಡಿಜೆಜಿಪಿಪಿಯಲ್ಲಿ ಬರೆದ 32 ಬಿಟ್ ಪ್ರೋಗ್ರಾಂ. ಅಂಥ ಪ್ರೋಗ್ರಾಂಗಳಿಗೆ ಡಾಸ್‌ನಲ್ಲಿ ಮೆಮೊರಿ ಕೊಡಿಸುವ ವ್ಯವಸ್ಥೆ ಡಿಪಿಎಂಐ; ಅದನ್ನು ಒದಗಿಸಲು ಹಾಕಿದ್ದು ಸಿಡಬ್ಲ್ಯುಎಸ್‌ಡಿಪಿಎಂಐ ಎಂಬ ಪ್ರೋಗ್ರಾಂ. ಪ್ರೊಸೆಸರ್‌ನ ಪ್ರೊಟೆಕ್ಟೆಡ್ ಮೋಡ್‌ನಲ್ಲಿ (ಡಾಸ್‌ನ ಹಳೆಯ ಮೆಮೊರಿ ಮಿತಿ ಇಲ್ಲದ ಸ್ಥಿತಿ) 4 ಜಿಬಿವರೆಗೂ ವಿಳಾಸ ಸಿಗುತ್ತದೆ, ಇನ್ನೇನು ತೊಂದರೆ ಅಂದುಕೊಂಡಿದ್ದೆ.

ಮೊದಲು 150 ಎಂಬಿ ಕೇಳಿ ನೋಡಿದೆ. ಮೆಮೊರಿ ಕೇಳುವ ಫಂಕ್ಷನ್ ಮ್ಯಾಲಕ್ ತಕರಾರಿಲ್ಲದೆ ಪಾಯಿಂಟರ್ (ಜಾಗದ ವಿಳಾಸ) ಕೊಟ್ಟಿತು. ಅರೇ ತುಂಬಿಸಲು ಶುರು ಮಾಡಿದೆ. ಸುಮಾರು 60 ಎಂಬಿ ಆಗುವಷ್ಟರಲ್ಲಿ ಹಾರ್ಡ್ ಡಿಸ್ಕ್ ಕರಕರ ಅನ್ನತೊಡಗಿತು. ಇಷ್ಟೊಂದು ರ್‍ಯಾಮ್ ಖಾಲಿ ಇರುವಾಗ ಡಿಸ್ಕ್‌ಗೆ ಯಾಕೆ ಬರೆಯುತ್ತಿದೆ?

ಮ್ಯಾಲಕ್ ಕೊಡುವುದು ಬರೀ ವಿಳಾಸ. ನಿಜವಾದ ಪೇಜ್ (ಮೆಮೊರಿಯ ಸಣ್ಣ ತುಂಡು) ಸಿಗುವುದು ನಾವು ಅದನ್ನು ಮುಟ್ಟಿದಾಗ. ರ್‍ಯಾಮ್ ಮುಗಿದರೆ ಉಳಿದದ್ದು ಡಿಸ್ಕ್‌ನಲ್ಲಿರುವ ಸ್ವಾಪ್ ಫೈಲ್‌ಗೆ. ಹಾಗಾಗಿ ಮ್ಯಾಲಕ್ ಗೆದ್ದಿತು ಅಂತ ಖುಷಿಪಡುವ ಹಾಗಿಲ್ಲ. ಡಿಪಿಎಂಐಯ 0500 ಫಂಕ್ಷನ್ ಕರೆದು ಖಾಲಿ ಪೇಜ್‌ಗಳನ್ನು ಎಣಿಸಿದೆ. ಅದರ ಪ್ರಕಾರ ಇಡೀ ಯಂತ್ರದಲ್ಲಿ ಇದ್ದದ್ದೇ 64 ಎಂಬಿಗಿಂತ ಸ್ವಲ್ಪ ಕಡಿಮೆ!

ಎರಡು ದಿನ ನನ್ನ ಕೋಡನ್ನೇ ಬೈದುಕೊಂಡೆ. ತಪ್ಪು ಕೋಡಿನದಲ್ಲ, ನಾನು ಹಾಕಿಕೊಂಡಿದ್ದ ಹಳೆಯ ಹೈಮೆಮ್‌ನದು; ಡಾಸ್‌ನಲ್ಲಿ ಮೇಲಿನ ಮೆಮೊರಿಯನ್ನು ನೋಡಿಕೊಳ್ಳುವ ಡ್ರೈವರ್ ಅದು. ಅದು ಬಯೋಸ್‌ಗೆ (ಯಂತ್ರದಲ್ಲೇ ಕೂತಿರುವ ಮೂಲ ಪ್ರೋಗ್ರಾಂ) ಇಂಟರಪ್ಟ್ 15ರ 88 ಫಂಕ್ಷನ್ ಎಂಬ ಕರೆಯ ಮೂಲಕ ‘ಎಷ್ಟಿದೆ?’ ಅಂತ ಕೇಳುತ್ತದೆ. ಉತ್ತರ ಕೆಬಿ ಲೆಕ್ಕದಲ್ಲಿ, ಪ್ರೊಸೆಸರ್ ಒಳಗಿನ 16 ಬಿಟ್‌ನ ಪುಟ್ಟ ಜಾಗವಾದ ಎಎಕ್ಸ್ ರಿಜಿಸ್ಟರ್‌ನಲ್ಲಿ ಬರುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65535. ಅಂದರೆ 64 ಎಂಬಿ, ಅದಕ್ಕಿಂತ ಜಾಸ್ತಿ ಹೇಳಲು ಅಲ್ಲಿ ಜಾಗವೇ ಇಲ್ಲ. ಬಯೋಸ್‌ನ ಇ820 ಪಟ್ಟಿಯನ್ನು (ಪೂರ್ತಿ ಮೆಮೊರಿಯ ನಕ್ಷೆ) ಓದುವ ಬೇರೆ ಡ್ರೈವರ್ ಹೈಮೆಮ್‌ಎಕ್ಸ್ ಹಾಕಿದೆ. ರೀಬೂಟ್ ಮಾಡಿದ ಕೂಡಲೇ ಉಳಿದ ರ್‍ಯಾಮ್ ಕಾಣಿಸಿತು.

ಈಗ ಧೈರ್ಯವಾಗಿ 300 ಎಂಬಿ ಕೇಳಿದೆ. ಅರ್ಧ ದಾರಿ ದಾಟಿ ಪ್ರೋಗ್ರಾಂ ನಿಂತುಹೋಯಿತು. ಈ ಸಲ ಕೊರತೆ ಬಿದ್ದದ್ದು ಮೇಲಿನ ಮೆಮೊರಿ ಅಲ್ಲ, ಕೆಳಗಿನ 640 ಕೆಬಿ! ಯಾವ ವಿಳಾಸಕ್ಕೆ ಯಾವ ಪೇಜ್ ಅಂತ ಬರೆದಿಡುವ ಪಟ್ಟಿಯೇ ಪೇಜ್ ಟೇಬಲ್. ಅಂಥ ಒಂದು ಟೇಬಲ್ 4 ಕೆಬಿ, ಅದು ನೋಡಿಕೊಳ್ಳುವುದು 4 ಎಂಬಿ. ಅಂದರೆ ಪ್ರತಿ ಎಂಬಿಗೂ 1 ಕೆಬಿ ಖರ್ಚು. ನನ್ನ ಹತ್ತಿರ ಇದ್ದ ಹಳೆಯ ಸಿಡಬ್ಲ್ಯುಎಸ್‌ಡಿಪಿಎಂಐ ಈ ಟೇಬಲ್‌ಗಳನ್ನು ಕನ್ವೆನ್ಷನಲ್ ಮೆಮೊರಿಯಲ್ಲೇ, ಅಂದರೆ ಆ 640 ಕೆಬಿಯಲ್ಲೇ ಇಡುತ್ತಿತ್ತು. 300 ಎಂಬಿಗೆ 300 ಕೆಬಿ ಬೇಕು. ಮೌಸ್, ಸಿಡಿ, ನೆಟ್‌ವರ್ಕ್ ಡ್ರೈವರ್‌ಗಳು ತಿಂದು ಉಳಿಸಿದ್ದು ಅಷ್ಟಿರಲಿಲ್ಲ. ಮೌಸ್ ಡ್ರೈವರ್‌ನಿಂದಾಗಿ ನೂರಾರು ಎಂಬಿ ಕೈಗೆ ಸಿಗದೇ ಹೋಗುವುದು ಅಂದ್ರೆ ನಗಬೇಕೋ ಅಳಬೇಕೋ, ಅಲ್ವಾ?

ಬೇಡದ ಡ್ರೈವರ್‌ಗಳನ್ನೆಲ್ಲ ತೆಗೆದೆ. ಸ್ವಾಪ್ ಕೂಡ ಆಫ್ ಮಾಡಿದೆ, ಮೆಮೊರಿ ಸಾಲದಿದ್ದರೆ ಶುರುವಿನಲ್ಲೇ ಗೊತ್ತಾಗಲಿ ಅಂತ. ಅರೇ ಕೊನೆಯವರೆಗೂ ತುಂಬಿತು. ಡಿಸ್ಕ್‌ನ ದೀಪ ಒಮ್ಮೆಯೂ ಮಿನುಗಲಿಲ್ಲ.